ಅರಬ್ಬಿ ಪಠಣ, ಕನ್ನಡ ಪರಿಸರ: ಶಿವಮೊಗ್ಗ–ಭದ್ರಾವತಿಯ ನಮಾಜು ಮತ್ತು ಅರ್ಥದ ಪ್ರಶ್ನೆ

೧. ಸಮಸ್ಯೆಯ ಸ್ವರೂಪ

ಕನ್ನಡ ಜಾನಪದ ಅಧ್ಯಯನದಲ್ಲಿ ಮುಸಲ್ಮಾನರು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಮೊಹರಂ, ಉರುಸು, ದರ್ಗಾದ ಹರಕೆ ಹಾಗೂ ರಿವಾಯತ್ ಪದಗಳ ಸಂದರ್ಭದಲ್ಲಿ. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ (1998) ಕೃತಿಯೂ ಮೊಹರಂ ಕುರಿತ ಅವರ ಅನಂತರದ ಅಧ್ಯಯನವೂ ಈ ಕ್ಷೇತ್ರಕ್ಕೆ ಭದ್ರವಾದ ತಳಹದಿ ಹಾಕಿವೆ. ಶಿಶುನಾಳ ಶರೀಫರ ಪದಗಳು ಕನ್ನಡಿಗರೆಲ್ಲರ ಆಸ್ತಿಯಾಗಿವೆ. ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ಒಂದೇ ಸೂರಿನಡಿ ಭೂತರಾಯ–ಚೌಡೇಶ್ವರಿ ಸನ್ನಿಧಿಯೂ ದರ್ಗಾವೂ ಇರುವುದು ಸಂಶೋಧಕರನ್ನು ಸಹಜವಾಗಿಯೇ ಸೆಳೆಯುವ ಸಂಗತಿ. ಆದರೆ ಇದೇ ಜನ ದಿನಕ್ಕೆ ಐದು ಸಲ ಮಾಡುವ ನಮಾಜು ಈ ಅಧ್ಯಯನಗಳಲ್ಲಿ ಪ್ರಾಸಂಗಿಕ ಉಲ್ಲೇಖವಾಗಿಯಷ್ಟೇ ಬರುತ್ತದೆ.

ಈ ಮೌನದ ಹಿಂದೆ ಒಂದು ವಿಂಗಡಣೆ ಕೆಲಸ ಮಾಡಿದೆ. ಕನ್ನಡದಲ್ಲಿ ಹಾಡಿದ್ದು ಜಾನಪದ, ಅರಬ್ಬಿಯಲ್ಲಿ ಓದಿದ್ದು ಶಾಸ್ತ್ರ. ಮೊದಲನೆಯದು ನೆಲದ್ದು, ಎರಡನೆಯದು ಹೊರಗಿನದು ಎಂಬುದೇ ಆ ವಿಂಗಡಣೆ. ಇದರ ಜೊತೆಗೇ, ತಿಳಿಯದ ಭಾಷೆಯಲ್ಲಿ ಮಾಡುವ ಪ್ರಾರ್ಥನೆ ಬರಿಯ ಯಾಂತ್ರಿಕ ಪುನರುಚ್ಚಾರ ಎಂಬ ಗ್ರಹಿಕೆಯೂ ಸೇರಿಕೊಂಡಿದೆ. ಈ ಎರಡೂ ಗ್ರಹಿಕೆಗಳನ್ನು ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಭಾಷಿಕ ಪರಿಸರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಮಾಜಿನ ಪಠ್ಯ ಅರಬ್ಬಿಯದಾದರೂ ಅದನ್ನು ಕಲಿಯುವ, ಉಚ್ಚರಿಸುವ, ತಿದ್ದುವ, ವಿವರಿಸುವ ಇಡೀ ಕ್ರಮ ಇಲ್ಲಿನ ಮೌಖಿಕ ಪರಂಪರೆಗೆ ಸೇರಿದ್ದು. ಆದ್ದರಿಂದ ಅದು ಜಾನಪದ ಅಧ್ಯಯನದ ನ್ಯಾಯವಾದ ವಸ್ತು.

೨. ಭಾಷೆಗಳ ಶ್ರೇಣಿ

ಶಿವಮೊಗ್ಗದ ಬಹುಪಾಲು ಮುಸಲ್ಮಾನರ ಮನೆಮಾತು ದಖನಿ. ಮಸೀದಿಯ ಪ್ರವಚನ ನಡೆಯುವುದು ಅರಬ್ಬಿ–ಪಾರಸಿ ಪದಗಳು ದಟ್ಟವಾಗಿರುವ ಗ್ರಾಂಥಿಕ ಉರ್ದುವಿನಲ್ಲಿ. ಶಾಲೆ, ಕಚೇರಿ, ಸಂತೆಗಳ ಭಾಷೆ ಕನ್ನಡ. ನಮಾಜಿನ ಭಾಷೆ ಅರಬ್ಬಿ. ಮನೆಯಲ್ಲೇ ಕನ್ನಡವಾಡುವ ನದಾಫ್–ಪಿಂಜಾರ ಸಮುದಾಯದವರಿಗೆ ದಖನಿಯೂ ಕಲಿತ ಭಾಷೆಯೇ. ಹೀಗೆ ಒಬ್ಬ ವ್ಯಕ್ತಿ ಒಂದೇ ದಿನದಲ್ಲಿ ಮೂರು ನಾಲ್ಕು ಭಾಷೆಗಳ ನಡುವೆ ಓಡಾಡುತ್ತಾನೆ.

ಭದ್ರಾವತಿಯ ಚಿತ್ರ ಇನ್ನೂ ಸಂಕೀರ್ಣ. ಹಿಂದೆ ಬೆಂಕಿಪುರವೆಂದು ಕರೆಯಲಾಗುತ್ತಿದ್ದ ಈ ಊರು ಬೆಳೆದದ್ದು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದ, ಅನಂತರ 1930ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆಯಿಂದ. ತಮಿಳು, ತೆಲುಗು, ಮಲಯಾಳ ಮಾತಾಡುವ ಕುಟುಂಬಗಳು ಕೆಲಸ ಅರಸಿ ಬಂದು ಇಲ್ಲಿ ನೆಲೆಸಿದವು. ಮುಸಲ್ಮಾನರೂ ಇದಕ್ಕೆ ಹೊರತಲ್ಲ. ದಖನಿಯವರು ‘ನಮಾಜ್’, ‘ರೋಜಾ’ ಎನ್ನುವುದನ್ನು ಮಲಯಾಳ ಮೂಲದವರೂ ಬ್ಯಾರಿಗಳೂ ‘ನಿಸ್ಕಾರ’, ‘ನೋಂಬು’ ಎನ್ನುತ್ತಾರೆ; ತಮಿಳರು ‘ತೊಳುಗೈ’, ‘ನೋನ್ಬು’ ಎನ್ನುತ್ತಾರೆ. ನಿಸ್ಕಾರದ ಹಿಂದೆ ಸಂಸ್ಕೃತದ ನಮಸ್ಕಾರವಿದೆ. ನೋಂಬು ಎಂಬುದು ಕನ್ನಡ ಜೈನರ ‘ನೋಂಪಿ’ಯ ಸೋದರ ಪದ. ‘ನಮಾಜ್’ ಮತ್ತು ‘ರೋಜಾ’ ಕೂಡ ಅರಬ್ಬಿಯವಲ್ಲ, ಪಾರಸಿಯವು. ಅವಕ್ಕೆ ಅರಬ್ಬಿಯಲ್ಲಿ ‘ಸಲಾತ್’, ‘ಸೌಮ್’ ಎಂಬ ಹೆಸರುಗಳಿವೆ. ಪ್ರಾರ್ಥನೆಯ ಒಳಗಿನ ಮಾತು ಅರಬ್ಬಿಯಲ್ಲಿ ಸ್ಥಿರವಾಗಿ ನಿಂತಿದ್ದರೂ ಅದನ್ನು ಕರೆಯುವ ಹೆಸರನ್ನು ಆಯಾ ಜನ ತಮ್ಮ ತಮ್ಮ ಭಾಷೆಯ ಉಗ್ರಾಣದಿಂದಲೇ ತೆಗೆದುಕೊಂಡಿದ್ದಾರೆ.

ಕ್ರಿಯಾಪದಗಳನ್ನು ಗಮನಿಸಿದರೆ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಉರ್ದು–ದಖನಿಯಲ್ಲಿ ನಮಾಜನ್ನು ‘ಪಡ್ನಾ’, ಅಂದರೆ ಓದುವುದು. ಆಡುಗನ್ನಡದಲ್ಲಿ ನಮಾಜು ‘ಮಾಡುವುದು’. ಕುರ್‌ಆನಿನ ಅರಬ್ಬಿ ಪದದ ಜಾಡು ಹಿಡಿದು ಕನ್ನಡ ಧಾರ್ಮಿಕ ಗ್ರಂಥಗಳು ‘ಸಂಸ್ಥಾಪಿಸು’ ಎಂಬ ಪದವನ್ನು ಬಳಸುತ್ತವೆ. ಓದುವುದಾದರೆ ಪಠ್ಯಕ್ಕೆ ಒತ್ತು, ಮಾಡುವುದಾದರೆ ದೇಹದ ಕ್ರಿಯೆಗೆ, ಸಂಸ್ಥಾಪಿಸುವುದಾದರೆ ಸಮುದಾಯದ ವ್ಯವಸ್ಥೆಗೆ ಒತ್ತು. ನಮಾಜನ್ನು ‘ಅರ್ಥ ಮಾಡಿಕೊಳ್ಳುವುದು’ ಎಂದರೇನು ಎಂಬ ಪ್ರಶ್ನೆಗೆ ಈ ಮೂರೂ ಕ್ರಿಯಾಪದಗಳು ಬೇರೆ ಬೇರೆ ಉತ್ತರ ಕೊಡುತ್ತವೆ ಎಂಬುದನ್ನು ಮರೆಯಬಾರದು.

೩. ಕಲಿಕೆಯ ಕ್ರಮ ಮತ್ತು ಬಾಯಿಯ ತಿದ್ದುಪಡಿ

ದಖನಿ ಪರಂಪರೆಯಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ‘ಬಿಸ್ಮಿಲ್ಲಾ’ ಶಾಸ್ತ್ರ ಮಾಡುವ ರೂಢಿಯಿದೆ. ಕನ್ನಡ ನಾಡಿನ ಅಕ್ಷರಾಭ್ಯಾಸಕ್ಕೆ ಇದನ್ನು ಹೋಲಿಸಬಹುದು. ಬಳಿಕ ಕಾಯಿದಾ ಪುಸ್ತಕ. ‘ಅಲಿಫ್ ಜಬರ್ ಅ, ಅಲಿಫ್ ಜೇರ್ ಇ, ಅಲಿಫ್ ಪೇಶ್ ಉ’ ಎಂದು ರಾಗವಾಗಿ ಹಿಜ್ಜೆ ಮಾಡುತ್ತಾ ಮಗು ಅಕ್ಷರಕ್ಕೆ ಸ್ವರ ಕೂಡಿಸುವುದನ್ನು ಕಲಿಯುತ್ತದೆ. ಜಬರ್, ಜೇರ್, ಪೇಶ್ ಎಂಬ ಹೆಸರುಗಳು ಪಾರಸಿಯವು. ಅರಬ್ಬಿಯನ್ನು ಕಲಿಸುವ ಪರಿಭಾಷೆಯೇ ಅರಬ್ಬಿಯದಲ್ಲ. ಅದು ನಡುವಿನ ಭಾಷೆಯೊಂದರಿಂದ ಬಂದದ್ದು.

ಈ ಕ್ರಮ ಒಂದು ವಿಚಿತ್ರ ಸ್ಥಿತಿಯನ್ನು ನಿರ್ಮಿಸಿದೆ. ಕುರ್‌ಆನ್ ಪ್ರತಿಗಳಲ್ಲಿ ಸ್ವರಚಿಹ್ನೆಗಳೆಲ್ಲ ಪೂರ್ಣವಾಗಿ ಇರುವುದರಿಂದ ಮಗು ಅದನ್ನು ಸರಾಗವಾಗಿ ಓದಬಲ್ಲದು. ಉರ್ದು ಪುಸ್ತಕಗಳಲ್ಲಿ ಆ ಚಿಹ್ನೆಗಳು ಇರುವುದಿಲ್ಲ, ಬರಹದ ಶೈಲಿಯೂ ಬೇರೆ. ಹಾಗಾಗಿ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಖನಿ ಮನೆಯ ಮಗು ತನಗೆ ತಿಳಿಯದ ಭಾಷೆಯನ್ನು ಓದುತ್ತದೆ, ತನಗೆ ತಿಳಿದ ಭಾಷೆಯನ್ನು ಓದಲಾರದು.

ಉಚ್ಚಾರಣೆಯ ವಿಷಯದಲ್ಲಿ ಸ್ಥಳೀಯ ನಾಲಗೆ ತನ್ನ ಗುರುತನ್ನು ಬಿಟ್ಟೇ ಬಿಡುತ್ತದೆ. ಅರಬ್ಬಿಯ ಮೂರು ಬಗೆಯ ಸಕಾರಗಳು ಉರ್ದು ಹಾಗೂ ದಖನಿಯಲ್ಲಿ ಒಂದೇ ಸಕಾರವಾಗುತ್ತವೆ. ನಾಲ್ಕು ಬೇರೆ ಬೇರೆ ವ್ಯಂಜನಗಳು ‘ಜ಼’ ಎಂಬ ಒಂದೇ ಧ್ವನಿಯಲ್ಲಿ ಕೂಡಿಕೊಳ್ಳುತ್ತವೆ. ಗಂಟಲಿನ ಆಳದಿಂದ ಬರುವ ‘ಕಾಫ್’ ದಖನಿಯಲ್ಲಿ ‘ಖ’ ಆಗುವುದು ಆ ಭಾಷೆಯ ಪ್ರಸಿದ್ಧ ಲಕ್ಷಣ. ಕುರ್‌ಆನ್ ಎಂಬುದು ‘ಖುರಾನ್’ ಆಗುವುದು ಹೀಗೆಯೇ. ‘ಕಲ್ಬ್’ ಎಂಬುದನ್ನು ಗಂಟಲಿನ ಆಳದಿಂದ ಉಚ್ಚರಿಸಿದರೆ ಹೃದಯ, ಸಾಮಾನ್ಯ ಕಕಾರದಿಂದ ಉಚ್ಚರಿಸಿದರೆ ನಾಯಿ ಎಂದು ಅರಬ್ಬಿ ಕಲಿಸುವವರು ಎಚ್ಚರಿಸುತ್ತಾರೆ. ಕನ್ನಡ ಲಿಪಿಯಲ್ಲಿ ಎರಡಕ್ಕೂ ಒಂದೇ ಬರಹ. ಫಾತಿಹಾ ಅಧ್ಯಾಯದ ಕೊನೆಯ ಪದದಲ್ಲಿರುವ ‘ಜ್ವಾದ್’ ಅಕ್ಷರವನ್ನು ದಕಾರಕ್ಕೆ ಹತ್ತಿರವಾಗಿ ಹೇಳಬೇಕೋ ಜಕಾರಕ್ಕೆ ಹತ್ತಿರವಾಗಿ ಹೇಳಬೇಕೋ ಎಂಬುದು ದಕ್ಷಿಣ ಏಷ್ಯಾದ ಮಸೀದಿಗಳಲ್ಲಿ ಹಳೆಯ ವಿವಾದ. ‘ರಂಜಾನ್’, ‘ರಮಜಾನ್’, ‘ರಮದಾನ್’ ಎಂಬ ರೂಪಭೇದಗಳ ಹಿಂದೆಯೂ ಇದೇ ಅಕ್ಷರವಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪದದ ಅರ್ಥ ತಿಳಿಯದವರೂ ಉಚ್ಚಾರಣೆ ತಪ್ಪಿದರೆ ಅರ್ಥ ಕೆಡುತ್ತದೆ ಎಂದು ಬಲ್ಲರು. ಅರ್ಥವು ತಮ್ಮ ಅರಿವಿನಲ್ಲಿ ಇಲ್ಲದಿದ್ದರೂ ಪಠ್ಯದಲ್ಲಿ ಇದೆ, ಅದನ್ನು ಕಾಪಾಡುವ ಹೊಣೆ ತಮ್ಮ ನಾಲಗೆಯದು ಎಂಬ ನಂಬಿಕೆ ಇದರ ಹಿಂದಿದೆ. ಇದನ್ನು ಯಾಂತ್ರಿಕ ಪುನರುಚ್ಚಾರ ಎಂದು ಕರೆಯುವುದು ಸರಿಯಾಗಲಾರದು. ವೇದಾಧ್ಯಯನದ ಸ್ವರನಿಯಮವನ್ನು ಗೌರವದಿಂದ ಕಾಣುವ ಸಂಶೋಧನೆ ಕಾಯಿದಾ ಓದುವ ಮಗುವಿನ ಹಿಜ್ಜೆಯನ್ನೂ ಅದೇ ಗಂಭೀರತೆಯಿಂದ ಕಾಣಬೇಕಾಗುತ್ತದೆ.

೪. ಅರ್ಥದ ನೆಲೆಗಳು

ದಿನದ ಐದು ಹೊತ್ತಿನ ಕಡ್ಡಾಯ ನಮಾಜಿನಲ್ಲಿ 17 ರಕಾತ್‌ಗಳಿವೆ. ಪ್ರತಿ ರಕಾತ್‌ನಲ್ಲೂ ಏಳು ವಚನಗಳ ಫಾತಿಹಾ ಇರುತ್ತದೆ. ಸ್ತುತಿ, ಕರುಣೆ, ತೀರ್ಪಿನ ದಿನ, ಸಹಾಯದ ಬೇಡಿಕೆ, ನೇರ ದಾರಿಯ ಕೋರಿಕೆ ಎಂಬುದು ಅದರ ಸ್ಥೂಲವಾದ ಆಶಯ. ಈ ಆಶಯವನ್ನು ಪದಶಃ ಹೇಳಲಾರದವರೂ ಅದನ್ನು ಹಲವು ದಾರಿಗಳಿಂದ ಬಲ್ಲವರಾಗಿರುತ್ತಾರೆ.

ಮೊದಲನೆಯ ದಾರಿ ನಿಯ್ಯತ್, ಅಂದರೆ ಸಂಕಲ್ಪ. ಯಾವ ಹೊತ್ತಿನ, ಎಷ್ಟು ರಕಾತ್‌ಗಳ ನಮಾಜನ್ನು ಕಾಬಾದ ಕಡೆ ಮುಖ ಮಾಡಿ ಸಲ್ಲಿಸುತ್ತಿದ್ದೇನೆ ಎಂಬುದನ್ನು ಮಕ್ಕಳಿಗೆ ಉರ್ದುವಿನಲ್ಲೇ ಬಾಯಿಪಾಠ ಮಾಡಿಸುವುದು ವಾಡಿಕೆ. ಸಂಕಲ್ಪ ಮನಸ್ಸಿನದು, ಅದನ್ನು ಬಾಯಲ್ಲಿ ಹೇಳಬೇಕಾಗಿಲ್ಲ ಎಂದು ಆಕ್ಷೇಪಿಸುವ ಪಂಥಗಳೂ ಇವೆ. ಏನೇ ಇರಲಿ, ಅರಬ್ಬಿ ನಮಾಜಿನ ಹೊಸ್ತಿಲು ಆಡುಭಾಷೆಯಿಂದ ಆಗಿದೆ. ಇನ್ನೊಂದು ತುದಿಯಲ್ಲಿ ದುವಾ ಇದೆ. ಸಲಾಮಿನೊಂದಿಗೆ ನಮಾಜು ಮುಗಿದ ಬಳಿಕ ಕೈಯೆತ್ತಿ ಬೇಡುವಾಗ ಯಾವ ಭಾಷೆಯಾದರೂ ಸಲ್ಲುತ್ತದೆ. ಮಗನ ನೌಕರಿ, ಮಗಳ ಮದುವೆ, ತಾಯಿಯ ಕಾಯಿಲೆಗಳೆಲ್ಲ ಮನೆಮಾತಿನಲ್ಲೇ ದೇವರಿಗೆ ನಿವೇದನೆಯಾಗುತ್ತವೆ. ಸ್ಥಿರವಾದ ಅರಬ್ಬಿ ಪಠ್ಯದ ಎರಡೂ ಬದಿಗೆ ಆಡುಮಾತಿನ ಅಂಚು ಇರುವ ಈ ರಚನೆಯನ್ನು ಬಿಟ್ಟು ನಡುವಿನ ಭಾಗವನ್ನಷ್ಟೇ ನೋಡಿದರೆ ಅರ್ಥದ ಪ್ರಶ್ನೆಯನ್ನೇ ತಪ್ಪಾಗಿ ಕೇಳಿದಂತಾಗುತ್ತದೆ.

ಎರಡನೆಯ ದಾರಿ ದೇಹ. ಹಣೆ ನೆಲಕ್ಕೆ ತಾಗಿದ ಸಜ್ದಾ ಸ್ಥಿತಿಯಲ್ಲಿ ದೇವರನ್ನು ‘ಅತ್ಯುನ್ನತ’ ಎಂಬ ಅರ್ಥದ ಪದದಿಂದ ಸ್ತುತಿಸಲಾಗುತ್ತದೆ. ಮನುಷ್ಯ ಅತ್ಯಂತ ತಗ್ಗಿದ ಕ್ಷಣಕ್ಕೆ ಉನ್ನತಿಯ ಪದ ಜೋಡಿಯಾಗಿದೆ. ಪದದ ನಿಘಂಟಿನ ಅರ್ಥ ಗೊತ್ತಿಲ್ಲದವರೂ ತಗ್ಗುವುದರ ಅರ್ಥವನ್ನು ಬಲ್ಲರು. ಜನಾಜಾ ನಮಾಜಿನಲ್ಲಿ ರುಕೂ, ಸಜ್ದಾಗಳಿಲ್ಲದೆ ನಿಂತೇ ಪ್ರಾರ್ಥಿಸುವುದು ಸಾವಿನ ಮುಂದಿನ ಪ್ರಾರ್ಥನೆ ಬೇರೆಯೆಂಬುದನ್ನು ಮಾತಿಲ್ಲದೆಯೇ ತಿಳಿಸುತ್ತದೆ.

ಮೂರನೆಯದಾಗಿ, ಫಾತಿಹಾದ ಮಸೀದಿಯಾಚೆಗಿನ ಸಂಚಾರ. ಮೊಹರಂನಲ್ಲಿ ‘ಸಕ್ಕರೆ ಓದಿಸುವ’ ರೂಢಿ ಕರ್ನಾಟಕದ ಅನೇಕ ಊರುಗಳಲ್ಲಿದೆ. ಹಿಂದೂ ಮನೆಗಳವರೂ ಸಕ್ಕರೆ ತಂದು ಓದಿಸಿಕೊಂಡು ಹೋಗುತ್ತಾರೆ. ಸಂಜೆಯ ನಮಾಜು ಮುಗಿಸಿ ಹೊರಬರುವವರಿಂದ ಮಗುವಿಗೆ ಊದಿಸಿಕೊಳ್ಳಲು ಮಸೀದಿಯ ಬಾಗಿಲಲ್ಲಿ ತಾಯಂದಿರು ನಿಲ್ಲುವುದೂ ಇದೆ. ಅವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ನಮಾಜಿನಲ್ಲಿ ಓದುವ ವಚನಗಳೇ ಸಕ್ಕರೆಯ ಮೇಲೂ ಓದಲ್ಪಡುತ್ತವೆ. ಹೀಗಿರುವಾಗ ಸಕ್ಕರೆಯ ಮೇಲಿನ ಓದಿಕೆಯನ್ನು ಜಾನಪದವೆಂದು ಸಂಗ್ರಹಿಸಿ, ನಮಾಜಿನ ಓದಿಕೆಯನ್ನು ಶಾಸ್ತ್ರವೆಂದು ಕೈಬಿಡುವುದಕ್ಕೆ ಸಮರ್ಥನೆ ಎಲ್ಲಿದೆ? ಇಲ್ಲಿ ಪಠ್ಯ ಒಂದೇ, ಬಾಯಿಯೂ ಒಂದೇ. ಬದಲಾಗಿರುವುದು ಸಂಶೋಧಕರು ನಿಂತ ಜಾಗ ಮಾತ್ರ.

ಆಚರಣೆಗೆ ನಿಯಮಗಳಿವೆಯೇ ಹೊರತು ಅರ್ಥವಿಲ್ಲ ಎಂದು ವೈದಿಕ ಯಜ್ಞವನ್ನು ಆಧರಿಸಿ ಫ್ರಿಟ್ಸ್ ಸ್ಟಾಲ್ 1979ರಲ್ಲಿ ವಾದಿಸಿದ್ದರು. ನಮಾಜಿಗೆ ಈ ವಾದ ಪೂರ್ಣವಾಗಿ ಹೊಂದುವುದಿಲ್ಲ; ಇಲ್ಲಿ ಅರ್ಥವನ್ನು ಕೇಳುವವರೂ ಹೇಳುವವರೂ ಯಾವ ಕಾಲದಲ್ಲೂ ಇದ್ದಾರೆ. ಇಂಡೋನೇಷ್ಯಾದ ನಮಾಜನ್ನು ಕುರಿತು ಜಾನ್ ಬೋವೆನ್ 1989ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಉಪಯುಕ್ತ. ನಮಾಜಿಗೆ ಒಂದೇ ಒಂದು ಸಾಂಕೇತಿಕ ತಿರುಳಿಲ್ಲ, ಅದರ ವಿವರಗಳನ್ನು ಕುರಿತ ಚರ್ಚೆಯ ಮೂಲಕ ಆಯಾ ಸಮುದಾಯ ಅದಕ್ಕೆ ಸಾಮಾಜಿಕ ಅರ್ಥ ತುಂಬುತ್ತದೆ ಎಂಬುದು ಅವರ ನಿಲುವು. ಭದ್ರಾವತಿಯಂಥ ಊರಿನ ಸ್ಥಿತಿ ಇದಕ್ಕೆ ಪುಷ್ಟಿ ಕೊಡುತ್ತದೆ. ದಖನಿ ಪರಂಪರೆಯವರು ಬಹುಮಟ್ಟಿಗೆ ಹನಫಿಗಳು. ಸಾಮೂಹಿಕ ನಮಾಜಿನಲ್ಲಿ ಇಮಾಮರು ಓದುವಾಗ ಹಿಂದಿನವರು ಮೌನವಾಗಿರುತ್ತಾರೆ, ‘ಆಮೀನ್’ ಎಂಬುದನ್ನು ಮೆಲ್ಲಗೆ ಹೇಳುತ್ತಾರೆ. ಕೇರಳ–ಕರಾವಳಿ ಮೂಲದವರು ಬಹುಮಟ್ಟಿಗೆ ಶಾಫಿಗಳು. ಇಮಾಮರ ಹಿಂದೆ ನಿಂತವರೂ ಫಾತಿಹಾ ಓದಲೇಬೇಕು, ‘ಆಮೀನ್’ ಗಟ್ಟಿಯಾಗಿ ಹೇಳಬೇಕು. ಒಬ್ಬರಿಗೆ ಕೇಳುವುದೇ ಪಾಲ್ಗೊಳ್ಳುವಿಕೆ, ಇನ್ನೊಬ್ಬರಿಗೆ ಸ್ವತಃ ಉಚ್ಚರಿಸುವುದು. ಅರಬ್ಬಿ ಇಬ್ಬರಿಗೂ ಮಾತೃಭಾಷೆಯಲ್ಲ. ಆದರೂ ಅದರೊಂದಿಗಿನ ಸಂಬಂಧ ಇಬ್ಬರಲ್ಲೂ ಒಂದೇ ಅಲ್ಲ.

೫. ಶಾಸ್ತ್ರದೊಳಗಿನ ವಾಗ್ವಾದ

ತಿಳಿಯದ ಭಾಷೆಯಲ್ಲಿ ಪ್ರಾರ್ಥಿಸಬಹುದೇ ಎಂಬ ಪ್ರಶ್ನೆ ಆಧುನಿಕರು ಹೊರಗಿನಿಂದ ತಂದದ್ದಲ್ಲ. ಏನು ಹೇಳುತ್ತಿದ್ದೇವೆಂಬ ಅರಿವಿಲ್ಲದ ಅಮಲಿನ ಸ್ಥಿತಿಯಲ್ಲಿ ಪ್ರಾರ್ಥನೆಗೆ ಹೋಗಬಾರದೆಂಬ ಆಶಯ ಕುರ್‌ಆನಿನ ನಾಲ್ಕನೆಯ ಅಧ್ಯಾಯದ 43ನೆಯ ವಚನದಲ್ಲಿದೆ. ಅರ್ಥ ತಿಳಿದು ಪ್ರಾರ್ಥಿಸಬೇಕೆನ್ನುವವರು ಇದನ್ನು ಆಧಾರವಾಗಿ ತೋರಿಸುತ್ತಾರೆ. ಎಂಟನೆಯ ಶತಮಾನದ ಅಬೂ ಹನೀಫಾ ನಮಾಜಿನಲ್ಲಿ ಪಾರಸಿಯ ಪಠಣಕ್ಕೆ ಅವಕಾಶ ಕೊಟ್ಟಿದ್ದರು, ಅವರ ಶಿಷ್ಯರಿಬ್ಬರು ಅದನ್ನು ಅರಬ್ಬಿ ಉಚ್ಚರಿಸಲಾರದವರಿಗೆ ಮಾತ್ರ ಸೀಮಿತಗೊಳಿಸಿದರು ಎಂದು ಹನಫಿ ಗ್ರಂಥವಾದ ‘ಹಿದಾಯಾ’ ದಾಖಲಿಸುತ್ತದೆ. ಶಿಷ್ಯರ ಅಭಿಪ್ರಾಯವೇ ಮುಂದೆ ಗಟ್ಟಿಯಾಯಿತು. ಶಾಫಿಗಳು ಮೊದಲಿನಿಂದಲೂ ಅನುವಾದವನ್ನು ಒಪ್ಪಲಿಲ್ಲ. ಟರ್ಕಿಯಲ್ಲಿ 1932ರಿಂದ ಬಾಂಗನ್ನು ಟರ್ಕಿಷ್ ಭಾಷೆಯಲ್ಲೇ ಕೂಗಬೇಕೆಂಬ ಸರ್ಕಾರಿ ಆದೇಶವಿತ್ತು. 1950ರಲ್ಲಿ ನಿರ್ಬಂಧ ತೆರವಾದೊಡನೆ ಅರಬ್ಬಿ ಬಾಂಗು ಮರಳಿತು. ಜನಭಾಷೆಯ ಹೆಸರಿನಲ್ಲಿ ಮೇಲಿನಿಂದ ಹೇರಿದ್ದು ಜನರದ್ದಾಗಿ ಉಳಿಯಲಿಲ್ಲ.

ಇದಕ್ಕೆ ಎದುರಾಗಿ ಎರಡು ನಿದರ್ಶನಗಳನ್ನು ಇಡಬಹುದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಒಪ್ಪಿದ ವಿಧಿಯಂತೆ ಕ್ಯಾಥೊಲಿಕ್ ಪೂಜೆ ಲ್ಯಾಟಿನ್‌ನಿಂದ ದೇಶಭಾಷೆಗಳಿಗೆ ಬಂದಿತು. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯದ ಇಗರ್ಜಿಗಳಲ್ಲಿ ಅರ್ಥ ತಿಳಿಯುವ ಸಮಸ್ಯೆಯ ಬದಲು, ಯಾವ ದೇಶಭಾಷೆ ಎಂಬ ಪ್ರಶ್ನೆ ಮುಂದೆ ಬಂದುದು ಸಹಜ. ಅದಕ್ಕೂ ಬಹಳ ಹಿಂದೆ ಇದೇ ಜಿಲ್ಲೆಯ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ ಕನ್ನಡದಲ್ಲೇ ದೇವರೊಡನೆ ಮಾತಾಡಿದ್ದರು. ಹಾಗಾದರೆ ನಮಾಜೂ ಕನ್ನಡಕ್ಕೆ ಬರಬಾರದೇಕೆ ಎಂದು ಕೇಳುವವರಿದ್ದಾರೆ. ಈ ಹೋಲಿಕೆ ಪೂರ್ಣವಲ್ಲ. ವಚನ ವ್ಯಕ್ತಿಯ ನುಡಿ, ಅದಕ್ಕೆ ಸಮಾನವಾದುದು ದುವಾ. ಅದು ಯಾವಾಗಲೂ ಜನಭಾಷೆಯಲ್ಲಿಯೇ ಇದೆ. ನಮಾಜಾದರೋ ಸಮುದಾಯದ ಸ್ಥಿರ ಪಠ್ಯ. ದಖನಿ, ತಮಿಳು, ಮಲಯಾಳ, ಕನ್ನಡದವರು ಭದ್ರಾವತಿಯ ಒಂದೇ ಸಾಲಿನಲ್ಲಿ ನಿಲ್ಲುವಾಗ ಯಾರ ಮನೆಮಾತೂ ಅಲ್ಲದ ಅರಬ್ಬಿ ಯಾರನ್ನೂ ಮೇಲು ಕೀಳು ಮಾಡುವುದಿಲ್ಲ. ಆ ಸಮಾನತೆಯನ್ನು ಬಿಟ್ಟುಕೊಡಲು ಜನ ಒಪ್ಪದಿರುವುದು ಅಜ್ಞಾನದ ಲಕ್ಷಣವಲ್ಲ.

೬. ವಿವರಣೆಯ ಭಾಷೆ

ಆದರೆ ಇಷ್ಟಕ್ಕೇ ನಿಂತರೆ ಇರುವುದೆಲ್ಲವೂ ಸರಿಯೆಂದು ಒಪ್ಪಿದಂತಾಗುತ್ತದೆ. ಪ್ರಾರ್ಥನೆಯ ಭಾಷೆ ಎಲ್ಲರನ್ನೂ ಕೂಡಿಸಿದರೆ ವಿವರಣೆಯ ಭಾಷೆ ಅವರನ್ನು ವಿಂಗಡಿಸುತ್ತದೆ. ಶುಕ್ರವಾರದ ಪ್ರವಚನ ಉರ್ದುವಿನಲ್ಲಾದರೆ ತಮಿಳು, ಮಲಯಾಳದವರು ಹೊರಗುಳಿಯುತ್ತಾರೆ. ಗ್ರಾಂಥಿಕ ಉರ್ದು ದಖನಿಯವರಿಗೂ ಪೂರ್ತಿ ದಕ್ಕುವುದಿಲ್ಲ. ಹಿಂದೆ ಅರಬ್ಬಿಗೂ ಮನೆಗೂ ನಡುವೆ ಸೇತುವಾಗಿದ್ದುದು ಉರ್ದುವಿನ ಓದು. ಆ ಓದು ಕ್ಷೀಣಿಸಿದ ಮನೆಗಳಲ್ಲಿ ನಮಾಜು ಉಳಿದರೂ ಅದರ ವಿವರಣೆ ಕೈತಪ್ಪುತ್ತದೆ.

ಈ ನಷ್ಟ ಹೆಚ್ಚಾಗಿ ತಟ್ಟುವುದು ಹೆಂಗಸರಿಗೆ. ಹನಫಿ ರೂಢಿಯಲ್ಲಿ ಅವರು ಬಹುಮಟ್ಟಿಗೆ ಮನೆಯಲ್ಲೇ ನಮಾಜು ಮಾಡುವರು. ಮಸೀದಿಯ ಪ್ರವಚನ ಅವರನ್ನು ನೇರವಾಗಿ ತಲಪುವುದಿಲ್ಲ. ಮಕ್ಕಳಿಗೆ ನಮಾಜಿನ ಪಾಠ ಹೇಳುವವರು ಮಾತ್ರ ಅನೇಕ ಮನೆಗಳಲ್ಲಿ ಅವರೇ. ಬಿಜಾಪುರದ ಸೂಫಿ ಪರಂಪರೆ ಈ ಅಗತ್ಯವನ್ನು ಬಹಳ ಹಿಂದೆಯೇ ಗುರುತಿಸಿತ್ತು. ಅರಬ್ಬಿ, ಪಾರಸಿ ಬಾರದವರಿಗಾಗಿ ಜನಭಾಷೆಯಲ್ಲಿ ಬರೆಯಬೇಕಾಗಿದೆ ಎಂಬ ಸಮರ್ಥನೆ ಮೀರಾಂಜಿ ಶಮ್ಸುಲ್ ಉಶ್ಶಾಕ್ ಅವರ ದಖನಿ ರಚನೆಗಳಲ್ಲೇ ಇದೆ. ಬೀಸುವ ಕಲ್ಲಿನ ‘ಚಕ್ಕಿನಾಮಾ’, ನೂಲುವ ರಾಟೆಯ ‘ಚರಖಾನಾಮಾ’ಗಳ ಮೂಲಕ ಧರ್ಮದ ತಿಳಿವಳಿಕೆ ಹೆಂಗಸರ ಕೆಲಸದ ಜಾಗಕ್ಕೇ ಹೋಯಿತೆಂದು ರಿಚರ್ಡ್ ಈಟನ್ 1978ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಅಂದರೆ ನಮಾಜಿನ ಅರಬ್ಬಿಯನ್ನು ಬದಲಿಸದೆಯೇ ಅರ್ಥವನ್ನು ಜನಭಾಷೆಗೆ ತರುವ ದಾರಿ ಕನ್ನಡ ನಾಡಿಗೆ ಹೊಸದಲ್ಲ. ಇರಾನಿನ ಮಹಿಳೆಯರು ಅರಬ್ಬಿ ನಮಾಜನ್ನು ಪಾರಸಿ ಕಾವ್ಯದ ಓದಿನೊಂದಿಗೆ ಹೇಗೆ ತಮ್ಮದಾಗಿಸಿಕೊಂಡಿದ್ದಾರೆ ಎಂಬುದನ್ನು ನಿಲೂಫರ್ ಹಾಯೆರಿ ಅವರ ಇತ್ತೀಚಿನ ಅಧ್ಯಯನ ವಿವರಿಸುತ್ತದೆ. ಪ್ರಾರ್ಥನೆಯ ಅರ್ಥಕ್ಕೆ ನೆರೆಯ ಸಾಹಿತ್ಯ ಹೇಗೆ ನೀರೆರೆಯುತ್ತದೆ ಎಂಬುದಕ್ಕೆ ಅದೂ ಒಂದು ಸಾಕ್ಷಿ.

ಇಂದು ಆ ನೆರೆಯ ಭಾಷೆಯ ಸ್ಥಾನಕ್ಕೆ ಕನ್ನಡ ಬರುತ್ತಿದೆ. ಮಂಗಳೂರಿನ ಶಾಂತಿ ಪ್ರಕಾಶನದಂಥ ಸಂಸ್ಥೆಗಳು ಕುರ್‌ಆನಿನ ಕನ್ನಡ ಅನುವಾದವನ್ನು ಪ್ರಕಟಿಸಿವೆ. ನಮಾಜಿನ ಅರಬ್ಬಿ ಪಠ್ಯವನ್ನು ಕನ್ನಡ ಲಿಪಿಯಲ್ಲಿ ಕೊಟ್ಟು ಕೆಳಗೆ ಅರ್ಥ ನೀಡುವ ಕಿರುಪುಸ್ತಕಗಳು ಬಳಕೆಯಲ್ಲಿವೆ. ಲಿಪಿ ಧ್ವನಿಭೇದಗಳನ್ನು ನುಂಗುತ್ತದೆ ಎಂಬ ಉಲೇಮಾಗಳ ಆಕ್ಷೇಪ ನ್ಯಾಯವಾದುದೇ. ಆದರೆ ಅರ್ಥದ ಭಾಗಕ್ಕೆ ಆ ಆಕ್ಷೇಪ ಅನ್ವಯಿಸುವುದಿಲ್ಲ. ಉಚ್ಚಾರಣೆಯನ್ನು ಗುರುವಿನ ಬಾಯಿಂದಲೂ ಅರ್ಥವನ್ನು ಕನ್ನಡ ಪುಟದಿಂದಲೂ ಪಡೆಯುವುದು ಸಾಧ್ಯ.

ಸೃಜನಶೀಲ ಸಾಹಿತ್ಯ ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಯಲ್ಲಿ ಕನ್ನಡ ಕಲಿತ ಬಾನು ಮುಷ್ತಾಕ್ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಲೇಖಕಿ. ಅವರ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕತೆಯ ನಿರೂಪಕಿ ದೇವರನ್ನು ಕನ್ನಡದಲ್ಲೇ ಎದುರುಗೊಂಡು ಪ್ರಶ್ನಿಸುತ್ತಾಳೆ. ಇದನ್ನು ಧರ್ಮದ ಟೀಕೆಯೆಂದಷ್ಟೇ ಓದುವುದು ವಿಮರ್ಶೆಯ ರೂಢಿ. ನಮಾಜಿನ ಬಳಿಕ ಕೈಯೆತ್ತಿ ಬೇಡುವ ದುವಾದ ಪರಂಪರೆಯೊಳಗಿಟ್ಟು ಓದಿದರೆ ಅದು ಪ್ರಾರ್ಥನೆಯ ಪ್ರಕಾರವೊಂದರ ವಿಸ್ತರಣೆಯೂ ಹೌದು ಎಂಬುದು ತಿಳಿಯುತ್ತದೆ. ಮಸೀದಿಯ ಪ್ರವಚನದಿಂದ ದೂರವಿದ್ದ ಹೆಣ್ಣು ಅರ್ಥವನ್ನು ಕೇಳಿ ಪಡೆಯುವ ಬದಲು ತಾನೇ ನುಡಿಯುವ ನೆಲೆ ಇಲ್ಲಿ ತೆರೆದುಕೊಂಡಿದೆ.

೭. ಸಮಾರೋಪ

ಅರಬ್ಬಿ ಬಾರದವರು ನಮಾಜನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಶಿವಮೊಗ್ಗ–ಭದ್ರಾವತಿ ಪರಿಸರ ಕೊಡುವ ಉತ್ತರ ಹೀಗಿದೆ: ಅರ್ಥ ಒಂದೇ ಕಡೆ ಇಲ್ಲ. ಅದು ನಿಯ್ಯತ್‌ನಲ್ಲಿ, ದೇಹದ ಬಾಗುವಿಕೆಯಲ್ಲಿ, ತಿದ್ದಿದ ಉಚ್ಚಾರಣೆಯಲ್ಲಿ, ದುವಾದಲ್ಲಿ, ಪ್ರವಚನದಲ್ಲಿ, ಸಕ್ಕರೆಯ ಓದಿಕೆಯಲ್ಲಿ ಹಂಚಿಕೊಂಡಿದೆ. ಈ ಹಂಚಿಕೆ ಸಮಾನವಾಗಿಲ್ಲ ಎಂಬುದು ಸಮುದಾಯದ ಮುಂದಿರುವ ಸಮಸ್ಯೆ; ಅದಕ್ಕೆ ಕನ್ನಡದ ವಿವರಣೆ ಒಂದು ಪರಿಹಾರವಾಗಬಲ್ಲದು. ಕನ್ನಡ ಹಾಡಿದಾಗ ಮಾತ್ರ ಮುಸಲ್ಮಾನರನ್ನು ತನ್ನವರೆಂದು ಗುರುತಿಸುವ ಅಭ್ಯಾಸ ಅಧ್ಯಯನಕಾರರ ಮುಂದಿರುವ ಸಮಸ್ಯೆ. ಹಿಜ್ಜೆಯ ರಾಗಗಳು, ಉರ್ದು–ಬ್ಯಾರಿ–ತಮಿಳು ನಿಯ್ಯತ್‌ಗಳು, ಮನೆಯ ದುವಾಗಳು, ಹೆಂಗಸರು ಮಕ್ಕಳಿಗೆ ಹೇಳಿಕೊಡುವ ಪಾಠದ ಕ್ರಮಗಳು ಇವೆಲ್ಲ ವ್ಯವಸ್ಥಿತವಾಗಿ ಸಂಗ್ರಹವಾಗಬೇಕಾಗಿದೆ. ಉರ್ದು ಓದು ಕಡಿಮೆಯಾಗುತ್ತಿರುವ ಮನೆಗಳಲ್ಲಿ ಹಿರಿಯರೊಂದಿಗೆ ಇವು ಮರೆಯಾಗುವ ಮುನ್ನ ಆ ಕೆಲಸ ನಡೆಯುವುದು ಅಗತ್ಯ.